ಗಾಜಿನ ಮೇಲಿನ ಗುಲಾಬಿ ಯಾರದು?

ಉರ್ದು ಗಜಲುಗಳನ್ನು ಕೇಳಿಕೊಂಡು ಬೆಳೆದ ನಮ್ಮಂಥವರಿಗೆ 'ಜಾಮ್' ಎಂಬ ಪದ ಬಾಯಿಪಾಠ. ಜೀವಮಾನದಲ್ಲಿ ಒಂದು ಹನಿ ಮದ್ಯ ಮುಟ್ಟದ ಹಿರಿಯರೂ ಸಾಕಿ, ಜಾಮ್, ಮೈಖಾನಗಳ ಶೇರುಗಳಿಗೆ ತಲೆದೂಗುತ್ತಿದ್ದರು. ಇರಾನಿನ ಪುರಾಣದ ದೊರೆ ಜಮ್‌ಷೀದನ ಬಟ್ಟಲಿನೊಳಗೆ ಇಣುಕಿದರೆ ಇಡೀ ಜಗತ್ತೇ ಕಾಣುತ್ತಿತ್ತಂತೆ. ಅದು ಕವಿಗಳ ಬಟ್ಟಲು, ಹರಾಜಿಗೆ ಬರುವಂಥದ್ದಲ್ಲ. ನಾವಿಲ್ಲಿ ಹೇಳಹೊರಟಿರುವುದು ಹರಾಜಿಗೆ ಬರುವ ಬಟ್ಟಲುಗಳ ಕಥೆಯನ್ನು.

ಹದಿನೆಂಟನೇ ಶತಮಾನದ ಇಂಗ್ಲೆಂಡಿನಲ್ಲಿ ವೈನ್ ಕುಡಿಯಲು ಬಳಸುತ್ತಿದ್ದ ಗಾಜಿನ ಪಾತ್ರೆಗಳವು. ಎತ್ತರ ಒಂದು ಗೇಣಿಗಿಂತ ಕಡಿಮೆ. ಮೇಲೆ ಬಟ್ಟಲು, ನಡುವೆ ಉದ್ದನೆಯ ಕಾಲು, ಕೆಳಗೆ ಅಗಲವಾದ ಪಾದ. ಬಟ್ಟಲಿನ ಮೇಲೆ ಒಂದು ಅರಳಿದ ಗುಲಾಬಿ, ಅದರ ಪಕ್ಕದಲ್ಲಿ ಒಂದೋ ಎರಡೋ ಮೊಗ್ಗು, ಹಿಂಬದಿಯಲ್ಲಿ ಒಂದು ಓಕ್ ಎಲೆ ಅಥವಾ ನಕ್ಷತ್ರ. ಇಷ್ಟೇ ಕೆತ್ತನೆ. ಆದರೆ ಈ ಗುಲಾಬಿಯಿರುವ ಪಾತ್ರೆಗೆ ಸಿಗುವ ಬೆಲೆಯ ಮುಂದೆ ಅದೇ ಕಾಲದ, ಅದೇ ಆಕಾರದ ಬೋಳು ಪಾತ್ರೆಯ ಬೆಲೆ ಏನೇನೂ ಅಲ್ಲ. ಕಾರಣವಿಷ್ಟೆ: ಆ ಗುಲಾಬಿ ರಾಜದ್ರೋಹದ ಗುರುತು ಎಂದು ಸಂಗ್ರಾಹಕರು ನಂಬಿದ್ದಾರೆ.

ಯಾವ ರಾಜ, ಯಾವ ದ್ರೋಹ ಎಂಬುದನ್ನು ಮೊದಲು ನೋಡೋಣ. 1688ರಲ್ಲಿ ಇಂಗ್ಲೆಂಡಿನ ದೊರೆ ಎರಡನೇ ಜೇಮ್ಸ್ ಸಿಂಹಾಸನ ಕಳೆದುಕೊಂಡ. ಅವನು ಕ್ಯಾಥೊಲಿಕ್, ರಾಜ್ಯದ ಬಹುಪಾಲು ಜನ ಪ್ರೊಟೆಸ್ಟೆಂಟರು. ಅವನಿಗೆ ಗಂಡು ಮಗು ಹುಟ್ಟಿ, ಮುಂದೆಯೂ ಕ್ಯಾಥೊಲಿಕ್ ದೊರೆಯೇ ಬರುತ್ತಾನೆ ಎನ್ನುವುದು ಖಚಿತವಾದಾಗ ದೊಡ್ಡ ಮನುಷ್ಯರು ಸೇರಿ ಅವನ ಅಳಿಯ, ಹಾಲೆಂಡಿನ ವಿಲಿಯಮ್‌ನನ್ನು ಕರೆಸಿಕೊಂಡರು. ಜೇಮ್ಸ್ ಫ್ರಾನ್ಸಿಗೆ ಓಡಿದ. 1690ರಲ್ಲಿ ಐರ್ಲೆಂಡಿನ ಬಾಯ್ನ್ ನದಿಯ ದಂಡೆಯಲ್ಲಿ ಸೋತು ಮತ್ತೆ ಓಡಿದ. ಅವನ ಕಡೆಯವರಿಗೆ ಜಾಕೊಬೈಟರು ಎಂಬ ಹೆಸರು ಬಿತ್ತು. ಲ್ಯಾಟಿನ್ನಿನಲ್ಲಿ ಜೇಮ್ಸ್ ಎಂದರೆ ಜಾಕೊಬಸ್. ನಮ್ಮ ಯಾಕೂಬ್ ಎಂಬ ಹೆಸರೂ ಅದೇ. ಕಳೆದುಹೋದ ಮಗ ಯೂಸುಫ್ ಮರಳಿ ಬರುತ್ತಾನೆಂದು ಕಾದು ಕಾದು ಕಣ್ಣು ಕಳೆದುಕೊಂಡ ಪ್ರವಾದಿ ಯಾಕೂಬರ ಕಥೆ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಈ ಜಾಕೊಬೈಟರೂ ಕಾದವರೇ. ಅರುವತ್ತು ವರ್ಷಕ್ಕೂ ಹೆಚ್ಚು ಕಾಲ, ಮೊದಲು ತಂದೆಗಾಗಿ, ಆಮೇಲೆ ಮಗನಿಗಾಗಿ, ಕೊನೆಗೆ ಮೊಮ್ಮಗನಿಗಾಗಿ ಕಾದರು.

1701ರಲ್ಲಿ ಜೇಮ್ಸ್ ಪರದೇಶದಲ್ಲೇ ಸತ್ತ. ಅವನ ಮಗ ಜೇಮ್ಸ್ ಫ್ರಾನ್ಸಿಸ್ ತನ್ನನ್ನು ಇಂಗ್ಲೆಂಡಿನ ಮೂರನೇ ಜೇಮ್ಸ್, ಸ್ಕಾಟ್ಲೆಂಡಿನ ಎಂಟನೇ ಜೇಮ್ಸ್ ಎಂದು ಘೋಷಿಸಿಕೊಂಡ. 1714ರಲ್ಲಿ ಜರ್ಮನಿಯ ಹನೋವರ್ ಮನೆತನದ ಜಾರ್ಜ್ ಲಂಡನ್ನಿನ ಗದ್ದುಗೆ ಏರಿದ ಮೇಲೆ, 1715ರಲ್ಲಿ ಒಂದು ದಂಗೆಯಾಗಿ ಸೋತಿತು. ಈ ಮಗನಿಗೆ ಇಬ್ಬರು ಗಂಡುಮಕ್ಕಳು: 1720ರಲ್ಲಿ ಹುಟ್ಟಿದ ಚಾರ್ಲ್ಸ್, 1725ರಲ್ಲಿ ಹುಟ್ಟಿದ ಹೆನ್ರಿ. 1745ರಲ್ಲಿ ಚಾರ್ಲ್ಸ್ ಬೆರಳೆಣಿಕೆಯ ಸಂಗಾತಿಗಳೊಡನೆ ಸ್ಕಾಟ್ಲೆಂಡಿನಲ್ಲಿ ಇಳಿದು, ಗುಡ್ಡಗಾಡಿನ ಕುಲಗಳನ್ನು ಕೂಡಿಸಿಕೊಂಡು ಎಡಿನ್‌ಬರೋ ಹಿಡಿದ. ಡಿಸೆಂಬರ್ ಮೊದಲ ವಾರದಲ್ಲಿ ಅವನ ಸೈನ್ಯ ಇಂಗ್ಲೆಂಡಿನ ನಡುಭಾಗದ ಡರ್ಬಿಯವರೆಗೆ ಬಂದು ಹಿಂತಿರುಗಿತು. 1746ರ ಏಪ್ರಿಲ್ 16ರಂದು ಕಲೋಡನ್ ಬಯಲಿನಲ್ಲಿ ಒಂದು ಗಂಟೆಗಿಂತ ಕಡಿಮೆ ಹೊತ್ತಿನಲ್ಲಿ ಎಲ್ಲ ಮುಗಿಯಿತು.

ಗುಲಾಬಿ ಗ್ಲಾಸುಗಳ ಕಾಲ ಹೆಚ್ಚುಕಡಿಮೆ ಇದೇ, 1740 ಮತ್ತು 50ರ ದಶಕಗಳು.

ಓಡಿಹೋದ ದೊರೆಯ ಹೆಸರೆತ್ತಿ ಅವನ ಆರೋಗ್ಯಕ್ಕೆಂದು ಕುಡಿಯುವುದು ಅಪರಾಧ. ಆದ್ದರಿಂದ ಜಾಕೊಬೈಟರು ಊಟದ ಮೇಜಿನಲ್ಲಿ 'ದೊರೆಗೆ' ಎಂದಷ್ಟೇ ಹೇಳಿ, ತಮ್ಮ ಪಾತ್ರೆಯನ್ನು ನೀರಿನ ಬಟ್ಟಲಿನ ಮೇಲಿಂದ ಹಾಯಿಸಿ ತುಟಿಗೆ ತರುತ್ತಿದ್ದರು ಎಂಬುದು ಹಳೆಯ ಕಥೆ. ನೀರಿನಾಚೆಯ ದೊರೆ ಎಂದರೆ ಸಮುದ್ರದಾಚೆ ಇರುವವನು. ಗಾಜಿನ ಮೇಲಿನ ಗುಲಾಬಿಯೂ ಇಂಥದೇ ಅರ್ಧ ಮಾತು. ಬಿಳಿ ಗುಲಾಬಿ ಆ ಪಕ್ಷದ ಗುರುತಾಗಿತ್ತು. ಓಕ್ ಸ್ಟುವರ್ಟ್ ಮನೆತನದ ಮರ. 1651ರಲ್ಲಿ ಜೇಮ್ಸನ ಅಣ್ಣ ಎರಡನೇ ಚಾರ್ಲ್ಸ್ ವೂಸ್ಟರ್ ಕದನದಲ್ಲಿ ಸೋತು ಓಡುವಾಗ ಒಂದು ಓಕ್ ಮರದ ಕೊಂಬೆಗಳ ನಡುವೆ ಅಡಗಿ ಜೀವ ಉಳಿಸಿಕೊಂಡಿದ್ದ. ಕೆಲವು ಗ್ಲಾಸುಗಳಲ್ಲಿ ಒಂದೊಂದು ಲ್ಯಾಟಿನ್ ಪದವೂ ಇರುತ್ತದೆ. 'ರೆಡಿಯಾಟ್' ಎಂದರೆ ಅವನು ಮರಳಿ ಬರಲಿ. 'ಆಡೆಂಶಿಯರ್ ಇಬೊ' ಎಂದರೆ ಇನ್ನಷ್ಟು ಧೈರ್ಯದಿಂದ ಹೋಗುವೆನು. ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಪದ 'ಫಿಯಾಟ್', ಅಂದರೆ ಆಗಲಿ. ಲ್ಯಾಟಿನ್ ಬೈಬಲಿನಲ್ಲಿ ದೇವರು ಬೆಳಕಾಗಲಿ ಎಂದು ಹೇಳುವಾಗ ಬರುವ ಪದ. ಖುರ್‌ಆನಿನ 'ಕುನ್' ಕೇಳಿ ಬಲ್ಲವರಿಗೆ ಈ ಒಂದೇ ಪದದ ತೂಕ ತಿಳಿಯದೆ ಇರದು. ವ್ಯತ್ಯಾಸವಿರುವುದು ಹೇಳುವವರಲ್ಲಿ. ಅಲ್ಲಿ ಸೃಷ್ಟಿಕರ್ತ ಹೇಳಿದ್ದು, ಇಲ್ಲಿ ಊಟ ಮುಗಿಸಿದ ಜಮೀನ್ದಾರರು ಹೇಳಿದ್ದು.

ಇಲ್ಲಿಯವರೆಗೆ ತಕರಾರಿಲ್ಲ. ತಕರಾರು ಶುರುವಾಗುವುದು ಮೊಗ್ಗುಗಳಿಂದ. ಅರಳಿದ ಗುಲಾಬಿ ಪರದೇಶದಲ್ಲಿರುವ ತಂದೆ, ಎರಡು ಮೊಗ್ಗುಗಳು ಚಾರ್ಲ್ಸ್ ಮತ್ತು ಹೆನ್ರಿ ಎಂದು ಒಬ್ಬರು. ಅಲ್ಲ, ಗುಲಾಬಿ ಎಂದರೆ ಸಿಂಹಾಸನ, ಮೊಗ್ಗುಗಳು ಅದಕ್ಕೆ ಬಾಧ್ಯಸ್ಥರು ಎಂದು ಇನ್ನೊಬ್ಬರು. ಹಾಗಾದರೆ ಒಂದೇ ಮೊಗ್ಗಿರುವ ಗ್ಲಾಸು? ಹೆನ್ರಿ ಹುಟ್ಟುವ ಮೊದಲು, ಅಂದರೆ 1725ಕ್ಕೆ ಮುಂಚೆ ಮಾಡಿದ್ದು ಎಂದು ಬಹಳ ಕಾಲ ನಂಬಿದ್ದರು. ಹಳತಾದಷ್ಟೂ ಬೆಲೆ ಹೆಚ್ಚು, ಆದ್ದರಿಂದ ಈ ಅರ್ಥ ಎಲ್ಲರಿಗೂ ಹಿತವಾಗಿತ್ತು. ಇದನ್ನು ಸುಳ್ಳು ಮಾಡಿದ್ದು ಹೂವಲ್ಲ, ಗ್ಲಾಸಿನ ಕಾಲು. ಇಂಥ ಅನೇಕ ಗ್ಲಾಸುಗಳ ಕಾಲಿನೊಳಗೆ ಗಾಳಿಯ ಎಳೆಗಳನ್ನು ಹಗ್ಗದಂತೆ ಹೊಸೆದಿರುತ್ತಾರೆ. ಆ ಕೆಲಸ ಬಳಕೆಗೆ ಬಂದದ್ದು 1740ರ ಸುಮಾರಿಗೆ. ಹೆನ್ರಿ ಆಗ ಮೀಸೆ ಮೂಡುತ್ತಿದ್ದ ಹುಡುಗ! ಸೋಲದ ವ್ಯಾಖ್ಯಾನಕಾರರು ಬೇರೆ ದಾರಿ ಹುಡುಕಿದರು. 1747ರಲ್ಲಿ ಹೆನ್ರಿ ರೋಮಿನಲ್ಲಿ ಕಾರ್ಡಿನಲ್ ಪದವಿ ಪಡೆದ. ಪಾದ್ರಿಗೆ ಸಂತಾನವಿಲ್ಲ, ಆದ್ದರಿಂದ ಒಂದು ಮೊಗ್ಗನ್ನು ಕೈಬಿಟ್ಟರು ಎಂದರು. ಅರ್ಥ ಮೊದಲೇ ಬೇಕೆಂದು ಹಟ ಹಿಡಿದವರಿಗೆ ಮೊಗ್ಗು ಇದ್ದರೂ ಸಾಕ್ಷಿ, ಇಲ್ಲದಿದ್ದರೂ ಸಾಕ್ಷಿ.

ಗಾಜಿನ ಮೇಲೆ ಹೂ ಬರುವುದಕ್ಕೆ ರಾಜದ್ರೋಹವೇ ಬೇಕಾಗಿರಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. 1674ರಲ್ಲಿ ಜಾರ್ಜ್ ರೇವನ್ಸ್‌ಕ್ರಾಫ್ಟ್ ಎಂಬ ಇಂಗ್ಲಿಷ್ ವ್ಯಾಪಾರಿ ಹೊಸ ಬಗೆಯ ಗಾಜಿಗೆ ಪೇಟೆಂಟ್ ಪಡೆದ. ಮುಂದೆ ಅವನು ಅದಕ್ಕೆ ಸೀಸದ ಆಕ್ಸೈಡ್ ಬೆರೆಸಿದ. ಆ ಗಾಜು ತೂಕದ್ದು, ಹೊಳಪಿನದು, ಬೆರಳಿನಿಂದ ತಟ್ಟಿದರೆ ಗಂಟೆಯಂತೆ ನಾದ ಕೊಡುವಂಥದು, ಕೆತ್ತಲು ಮೆತ್ತಗಿನದು. ತಿರುಗುವ ಸಣ್ಣ ತಾಮ್ರದ ಚಕ್ರಕ್ಕೆ ಎಣ್ಣೆಯಲ್ಲಿ ಕಲಸಿದ ಕುರುಂದದ ಪುಡಿ ಹಚ್ಚಿ, ಗಾಜನ್ನು ಅದಕ್ಕೆ ಒತ್ತಿ ಹಿಡಿದರೆ ಹೂವಿನ ದಳ ಮೂಡುತ್ತದೆ. 1745ರಲ್ಲಿ ಸರಕಾರ ಗಾಜಿನ ಕಚ್ಚಾ ಮಾಲಿನ ತೂಕದ ಮೇಲೆ ಸುಂಕ ಹಾಕಿತು. ದಪ್ಪ ಗಾಜು ದುಬಾರಿಯಾಯಿತು. ಗ್ಲಾಸನ್ನು ತೆಳ್ಳಗೆ, ಹಗುರವಾಗಿ ಮಾಡಿ ಅಂದವನ್ನು ಕೆತ್ತನೆಯಿಂದ ತುಂಬಿಕೊಡುವುದು ಕುಶಲಕರ್ಮಿಗಳಿಗೆ ಅನುಕೂಲವಾಯಿತು. 1740ರ ದಶಕದ ಲಂಡನ್ ಪತ್ರಿಕೆಗಳಲ್ಲಿ 'ಹೂವಿನ ಗ್ಲಾಸು'ಗಳ ಜಾಹೀರಾತುಗಳೇ ಇವೆ. ಬಹಳಷ್ಟು ಚಿತ್ರಗಳು ಒಳಗಿನ ಪಾನೀಯದ ಹೆಸರು ಹೇಳುವ ಚೀಟಿಯಿದ್ದಂತೆ. ದ್ರಾಕ್ಷಿ ಬಳ್ಳಿಯಿದ್ದರೆ ವೈನ್, ಬಾರ್ಲಿ ತೆನೆಯಿದ್ದರೆ ಬಿಯರಿನ ಜಾತಿಯದು, ಸೇಬಿದ್ದರೆ ಸೇಬಿನ ರಸದ ಮದ್ಯ. ಅಂಥ ಸೇಬಿನ ಗ್ಲಾಸುಗಳ ಮೇಲೆ 'ಸುಂಕ ಬೇಡ' ಎಂಬ ಬರಹ ಕಂಡರೆ ಅದು 1763ರಲ್ಲಿ ಸೇಬಿನ ಮದ್ಯಕ್ಕೆ ಹಾಕಿದ ತೆರಿಗೆಯ ವಿರುದ್ಧದ ಕೂಗು. ಆ ಕಾಲದ ವಸ್ತುಗಳ ಮೇಲೆ '45' ಎಂಬ ಅಂಕಿ ಕಂಡು 1745ರ ದಂಗೆಯೆಂದು ಹಿಗ್ಗುವವರೂ ಸ್ವಲ್ಪ ತಡೆಯಬೇಕು. ಜಾನ್ ವಿಲ್ಕ್ಸ್ 1763ರಲ್ಲಿ ದೊರೆಯ ಭಾಷಣವನ್ನು ಟೀಕಿಸಿ ಜೈಲಿಗೆ ಹೋದದ್ದು ತನ್ನ ಪತ್ರಿಕೆಯ 45ನೇ ಸಂಚಿಕೆಗಾಗಿ. ಆ ಅಂಕಿ ಅವನ ಬೆಂಬಲಿಗರ ಘೋಷಣೆಯಾಗಿಬಿಟ್ಟಿತ್ತು.

ಗುಲಾಬಿ, ಓಕ್‌ಗಳಿಗೆ ಸಾಕ್ಷಿಯಿದೆ, ಇರಲಿ. ಸಂಗ್ರಾಹಕರು ಅಲ್ಲಿಗೆ ನಿಲ್ಲಲಿಲ್ಲ. ಸೂರ್ಯಕಾಂತಿ ಎಂದರೆ ಅಚಲ ನಿಷ್ಠೆ, ಕಣಿವೆಯ ಲಿಲ್ಲಿ ಎಂದರೆ ಮರಳಿ ಬರುವ ಸುಖ, ಚಿಟ್ಟೆ ಎಂದರೆ ಮರುಹುಟ್ಟು, ಹೀಗೆ ಗಾಜಿನ ಮೇಲಿನ ಪ್ರತಿ ಎಲೆಗೂ ಹುಳುವಿಗೂ ಒಂದೊಂದು ಗುಟ್ಟು ಹಂಚಿದರು. ಈ ಹೂಗಳ ನಿಘಂಟು ಎಲ್ಲಿಂದ ಬಂತು? ಯುರೋಪಿನಲ್ಲಿ ಹೂವಿಗೊಂದು ಅರ್ಥ ಹೇಳುವ ಪುಸ್ತಕಗಳು ಮನೆಮನೆಗೆ ಬಂದದ್ದು ಹತ್ತೊಂಬತ್ತನೇ ಶತಮಾನದಲ್ಲಿ, 1819ರಲ್ಲಿ ಪ್ಯಾರಿಸಿನಲ್ಲಿ ಅಂಥದೊಂದು ಪುಸ್ತಕ ಜನಪ್ರಿಯವಾದ ಮೇಲೆ. ಅದಕ್ಕೂ ಹಿಂದಿನ ಎಳೆ ಇಸ್ತಾಂಬುಲಿನಲ್ಲಿದೆ. ಬ್ರಿಟಿಷ್ ರಾಯಭಾರಿಯ ಹೆಂಡತಿ ಮೇರಿ ವರ್ಟ್ಲಿ ಮಾಂಟೆಗ್ಯು 1717-18ರಲ್ಲಿ ತುರ್ಕಿಯಲ್ಲಿದ್ದಾಗ ಬರೆದು, 1763ರಲ್ಲಿ ಅಚ್ಚಾದ ಪತ್ರಗಳಲ್ಲಿ ಅಲ್ಲಿನ ಪ್ರೇಮಪತ್ರಗಳ ವರ್ಣನೆಯಿದೆ. ಕಾಗದವಿಲ್ಲ, ಶಾಯಿಯಿಲ್ಲ. ಒಂದು ಮುತ್ತು, ಒಂದು ಲವಂಗ, ಒಂದು ಹೂ, ಒಂದು ಚೂರು ಬಟ್ಟೆ ಗಂಟು ಕಟ್ಟಿ ಕಳಿಸಿದರೆ ಸಾಕು. ಅವಳ ಓದುಗರು ಇದರಲ್ಲಿ ಪೌರ್ವಾತ್ಯರ ಗೂಢ ಸಂಕೇತಗಳನ್ನು ಕಂಡರು. ವಾಸ್ತವದಲ್ಲಿ ಅದು ಪ್ರಾಸದ ಆಟ. ವಸ್ತುವಿನ ಹೆಸರಿಗೆ ತುರ್ಕಿ ಭಾಷೆಯಲ್ಲಿ ಯಾವ ಸಾಲು ಪ್ರಾಸವಾಗಿ ಬರುತ್ತದೋ ಅದೇ ಸಂದೇಶ. ಮುಶಾಯಿರಾಗಳಲ್ಲಿ ಕಾಫಿಯಾ ಕೇಳಿಸಿದೊಡನೆ ಮುಂದಿನ ಪದವನ್ನು ಜನರೇ ಕೂಗಿ ಹೇಳುವುದನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಭಾಷೆಯಿಂದ ಹರಿದು ಬೇರೆ ಮಾಡಿದರೆ ಆ ಲವಂಗ ಬರೀ ಲವಂಗ. ಗಾಜಿನ ಮೇಲಿನ ಲಿಲ್ಲಿಗೂ ಇದೇ ಆದದ್ದು ಎಂದು ನಮಗೆ ತೋರುತ್ತದೆ. 1750ರ ಕೆತ್ತನೆಯನ್ನು ಓದಲು ಅವರು ಬಳಸಿದ್ದು ಮೊಮ್ಮಕ್ಕಳ ಕಾಲದ ನಿಘಂಟು.

ಇನ್ನೊಂದು ಪ್ರಶ್ನೆ ನಮ್ಮನ್ನು ಹೆಚ್ಚು ಕಾಡುತ್ತದೆ. ಈ ಗ್ಲಾಸುಗಳನ್ನು ಎತ್ತಿದವರು ಯಾರು?

ವೇಲ್ಸಿನ ರೆಕ್ಸಮ್ ಸುತ್ತಲಿನ ಜಮೀನ್ದಾರರು 1710ರಲ್ಲಿ ಕಟ್ಟಿಕೊಂಡ 'ಸೈಕಲ್ ಕ್ಲಬ್' ಎಂಬ ಕೂಟವಿತ್ತು. ಒಬ್ಬೊಬ್ಬ ಸದಸ್ಯನ ಮನೆಯಲ್ಲಿ ಸರದಿಯಂತೆ ಔತಣ. ಸರದಿಯ ಚಕ್ರದಿಂದಲೇ ಅದಕ್ಕೆ ಆ ಹೆಸರು. 'ಫಿಯಾಟ್' ಗ್ಲಾಸುಗಳನ್ನು ಈ ಕೂಟದೊಂದಿಗೆ ಜೋಡಿಸುವ ವಾಡಿಕೆ ಇದೆ. ಇದರ ಮುಖಂಡ ಸರ್ ವಾಟ್ಕಿನ್ ವಿಲಿಯಮ್ಸ್ ವಿನ್, ಆ ಸೀಮೆಯ ಅತಿದೊಡ್ಡ ಜಮೀನ್ದಾರ. ಚಾರ್ಲ್ಸ್ ಡರ್ಬಿಗೆ ಬಂದು ಕುಳಿತಾಗ ಇಂಥವರ ದಾರಿ ಕಾದ. 'ಅವನು ಮರಳಿ ಬರಲಿ' ಎಂದು ವರ್ಷಗಟ್ಟಲೆ ಪಾತ್ರೆ ಎತ್ತಿದವರ ಮನೆ ಬಾಗಿಲ ಹತ್ತಿರಕ್ಕೆ ಅವನು ನಿಜವಾಗಿಯೂ ಬಂದಿದ್ದ. ಸರ್ ವಾಟ್ಕಿನ್ ಏಳಲಿಲ್ಲ. ಇಂಗ್ಲೆಂಡಿನಿಂದ ಎದ್ದು ಹೋದವರೆಂದರೆ ಮುಖ್ಯವಾಗಿ ಮ್ಯಾಂಚೆಸ್ಟರಿನಲ್ಲಿ ಕೂಡಿದ ಕೆಲವು ನೂರು ಮಂದಿ. ಅವರ ಕರ್ನಲ್ ಫ್ರಾನ್ಸಿಸ್ ಟೌನ್ಲಿಯನ್ನು 1746ರ ಜುಲೈ 30ರಂದು ಲಂಡನ್ನಿನಲ್ಲಿ ನೇಣಿಗೇರಿಸಿದರು. ನೂರಕ್ಕೂ ಹೆಚ್ಚು ಮಂದಿಗೆ ಮರಣದಂಡನೆಯಾಯಿತು. ನೂರಾರು ಜನರನ್ನು ಹಡಗು ಹತ್ತಿಸಿ ಅಮೆರಿಕದ ವಸಾಹತುಗಳಿಗೆ, ವೆಸ್ಟ್ ಇಂಡೀಸಿಗೆ ದುಡಿಯಲು ಅಟ್ಟಿದರು. ಗುಡ್ಡಗಾಡಿನವರು ತಮ್ಮ ಚೌಕುಳಿ ಬಟ್ಟೆ ಉಡುವುದೂ ಅಪರಾಧ ಎಂದು ಕಾನೂನು ಬಂತು. 1782ರವರೆಗೆ ಅದನ್ನು ತೆಗೆಯಲಿಲ್ಲ. ಸರ್ ವಾಟ್ಕಿನ್ 1749ರಲ್ಲಿ ಬೇಟೆಯಾಡುವಾಗ ಕುದುರೆಯಿಂದ ಬಿದ್ದು ಸತ್ತ. ಕಲೋಡನ್ನಿನಲ್ಲಿ ಸತ್ತವರಲ್ಲಿ ಹೆಚ್ಚಿನವರು ಗೇಲಿಕ್ ಮಾತಾಡುವ ಒಕ್ಕಲು ಮಕ್ಕಳು. ಕುಲದ ಒಡೆಯ ಕರೆದ, ಹೋದರು. ಅವರ ಮನೆಯಲ್ಲಿ ಗಾಳಿಯೆಳೆ ಹೊಸೆದ ಕಾಲಿನ ಸ್ಫಟಿಕ ಪಾತ್ರೆ ಇದ್ದೀತೇ? ಗಾಜು ಉಳಿದಿರುವುದು ಕುಡಿದವರ ಕಪಾಟಿನಲ್ಲಿ. ಸತ್ತವರ ಸಾಮಾನುಗಳನ್ನು ಹರಾಜಿನಲ್ಲಿ ಹುಡುಕಿದರೆ ಸಿಗುವುದು ಕಷ್ಟ.

ಈ ಕಥೆಯ ಚೂರೊಂದು ನಮ್ಮ ಮೈಸೂರಿಗೂ ಬಂದು ತಾಗಿದೆ. ಐರ್ಲೆಂಡಿನಿಂದ ಫ್ರಾನ್ಸಿಗೆ ಓಡಿಹೋದ ಜಾಕೊಬೈಟನೊಬ್ಬನ ಮಗ ಕೌಂಟ್ ಲಾಲಿ 1758ರಲ್ಲಿ ಫ್ರೆಂಚರ ಸೇನಾಪತಿಯಾಗಿ ಪಾಂಡಿಚೇರಿಗೆ ಬಂದ. 1760ರಲ್ಲಿ ವಂದವಾಸಿಯಲ್ಲಿ ಇಂಗ್ಲಿಷರೆದುರು ಸೋತು ಕಂಗೆಟ್ಟಿದ್ದ ಅವನ ನೆರವಿಗೆ ಮಖ್ದೂಮ್ ಅಲಿಯ ಕೈಕೆಳಗೆ ಕುದುರೆ ದಂಡು ಕಳಿಸಿದವನು ಹೈದರ್ ಅಲಿ. ಇಪ್ಪತ್ತು ವರ್ಷ ಕಳೆದು 1780ರಲ್ಲಿ ಅದೇ ಹೈದರನ ಮೇಲೆ ಕಾದಲು ಮದ್ರಾಸಿನಲ್ಲಿ ಇಳಿದ ಸ್ಕಾಟಿಷ್ ಪಡೆಯನ್ನು ಕಟ್ಟಿದವನು ಲಾರ್ಡ್ ಮ್ಯಾಕ್ಲೌಡ್. ಹುಡುಗನಾಗಿದ್ದಾಗ 1745ರ ದಂಗೆಯಲ್ಲಿ ಚಾರ್ಲ್ಸ್ ಪರ ಕತ್ತಿ ಹಿಡಿದು, ಸೆರೆ ಸಿಕ್ಕು, ಕ್ಷಮೆ ಪಡೆದವನು ಅವನು. ಆ ಪಡೆಯ ಕ್ಯಾಪ್ಟನ್ ಡೇವಿಡ್ ಬೇರ್ಡ್ ಪೊಳ್ಳಿಲೂರಿನಲ್ಲಿ ಸೆರೆಯಾಗಿ ಶ್ರೀರಂಗಪಟ್ಟಣದ ಬಂದೀಖಾನೆಯಲ್ಲಿ ವರ್ಷಗಳನ್ನು ಕಳೆದ. 1799ರಲ್ಲಿ ಕೋಟೆಗೆ ನುಗ್ಗಿದ ದಂಡಿನ ಮುಂದಿದ್ದವನೂ ಅವನೇ. ಸೋತ ದೊರೆಯ ಸೈನಿಕರು ಗೆದ್ದ ದೊರೆಯ ಸಾಮ್ರಾಜ್ಯಕ್ಕೆ ಹೀಗೆ ಕೂಲಿಯಾದರು.

ಕೆತ್ತಿದ ಕೈಗಳೂ ಹಾಗೆಯೇ. ಜಾಕೊಬೈಟ್ ಗ್ಲಾಸುಗಳಲ್ಲೆಲ್ಲ ಅಪರೂಪದವು 'ಆಮೆನ್' ಗ್ಲಾಸುಗಳು. ನಿಜವಾದವು ಎಂದು ಒಪ್ಪಿಕೊಂಡಿರುವವು ನಲವತ್ತನ್ನೂ ದಾಟುವುದಿಲ್ಲ. ಇವುಗಳಲ್ಲಿ ಅರ್ಧ ಮಾತಿಲ್ಲ. ಚಕ್ರದ ಬದಲು ವಜ್ರದ ಮೊನೆಯಿಂದ ಗೀಚಿ, ಕಿರೀಟದ ಕೆಳಗೆ ಜೇಮ್ಸನ ಹೆಸರಿನ ಅಕ್ಷರಗಳನ್ನು ಹೆಣೆದು, ಅದರೊಳಗೆ ಎಂಟು ಎಂಬ ಅಂಕಿ ಅಡಗಿಸಿ, ಇಂದು ಬ್ರಿಟನ್ನಿನ ರಾಷ್ಟ್ರಗೀತೆಯಾಗಿರುವ ಹಾಡಿನ ಜಾಕೊಬೈಟ್ ರೂಪವನ್ನು ಬರೆದು, ಕೊನೆಗೆ 'ಆಮೆನ್' ಎಂದು ಮುಗಿಸಿದ್ದಾರೆ. ನಾವು ನಮಾಜಿನಲ್ಲಿ ಹೇಳುವ ಆಮೀನ್ ಕೂಡ ಅದೇ. ಜೆಫ್ರಿ ಸೆಡನ್ ಎಂಬ ವಿದ್ವಾಂಸರು ಈ ಬರಹಗಳನ್ನು ಕೈಬರಹದ ಪರಿಣತರ ನೆರವಿನಿಂದ ಹೋಲಿಸಿ, ಇದು ರಾಬರ್ಟ್ ಸ್ಟ್ರೇಂಜ್ ಎಂಬ ಸ್ಕಾಟಿಷ್ ಕೆತ್ತನೆಗಾರನ ಕೈ ಎಂದು 1995ರ ತಮ್ಮ ಪುಸ್ತಕದಲ್ಲಿ ತೀರ್ಮಾನಿಸಿದ್ದಾರೆ. ಈ ಸ್ಟ್ರೇಂಜ್ 1746ರಲ್ಲಿ ಚಾರ್ಲ್ಸನಿಗಾಗಿ ನೋಟು ಅಚ್ಚು ಹಾಕುವ ತಗಡನ್ನೂ ಕೆತ್ತಿದವನು. ಅದೇ ಮನುಷ್ಯನಿಗೆ 1787ರಲ್ಲಿ ಹನೋವರ್ ದೊರೆ ಮೂರನೇ ಜಾರ್ಜ್ 'ಸರ್' ಪದವಿ ಕೊಟ್ಟ. ತೀರಿಹೋದ ತನ್ನ ಎಳೆಯ ಮಕ್ಕಳ ಚಿತ್ರವನ್ನು ಅವನು ತಾಮ್ರದ ಮೇಲೆ ಕೆತ್ತಿಕೊಟ್ಟದ್ದಕ್ಕೆ ಸಂದ ಮೆಚ್ಚುಗೆ ಅದು.

1788ರಲ್ಲಿ ಚಾರ್ಲ್ಸ್, 1807ರಲ್ಲಿ ಹೆನ್ರಿ ಸತ್ತು ವಂಶ ಕಡಿದ ಮೇಲೆ ದ್ರೋಹದ ಭಯ ಹೋಯಿತು, ಚಂದದ ಹಂಬಲ ಉಳಿಯಿತು. 1814ರಲ್ಲಿ ವಾಲ್ಟರ್ ಸ್ಕಾಟ್ ಇದನ್ನು ಕಾದಂಬರಿ ಮಾಡಿದ. 1822ರಲ್ಲಿ ಹನೋವರ್ ಮನೆತನದ ದೊರೆಯೇ ಚೌಕುಳಿ ಬಟ್ಟೆ ತೊಟ್ಟು ಎಡಿನ್‌ಬರೋದಲ್ಲಿ ಮೆರೆದ. 1889ರಲ್ಲಿ ಲಂಡನ್ನಿನಲ್ಲಿ ಸ್ಟುವರ್ಟ್ ವಸ್ತುಗಳ ದೊಡ್ಡ ಪ್ರದರ್ಶನ ನಡೆಯಿತು. 1897ರಲ್ಲಿ ಆಲ್ಬರ್ಟ್ ಹಾರ್ಟ್ಸ್‌ಹಾರ್ನ್ ಹಳೆಯ ಇಂಗ್ಲಿಷ್ ಗಾಜಿನ ಬಗ್ಗೆ ಬೃಹತ್ ಗ್ರಂಥ ತಂದರು. ಮುಂದೆ ಚಾರ್ಲ್ಸನೇ ಕೊಟ್ಟ ಪಾಕ ತನ್ನದೆಂದು ಹೇಳಿಕೊಳ್ಳುವ ಡ್ರಾಂಬುಯಿ ಮದ್ಯದ ಕಂಪನಿಯೇ ಜಾಕೊಬೈಟ್ ಗ್ಲಾಸುಗಳ ಬಹುದೊಡ್ಡ ಸಂಗ್ರಹ ಮಾಡಿತು. ಕೊಳ್ಳುವವರು ಹೆಚ್ಚಾದರೆ ಮಾಲು ಎಲ್ಲಿಂದಾದರೂ ಬರಲೇಬೇಕಲ್ಲ?

ಬಂದದ್ದು ಎಲ್ಲಿಂದ ಎಂಬುದಕ್ಕೆ ಒಂದು ಉತ್ತರ ಡಬ್ಲಿನ್ನಿನಲ್ಲಿ ಸಿಕ್ಕಿದೆ. ಫ್ರಾಂಜ್ ಟೀಟ್ಸೆ 1842ರಲ್ಲಿ ಬೊಹೀಮಿಯದಲ್ಲಿ ಹುಟ್ಟಿದ ಗಾಜು ಕೆತ್ತನೆಗಾರ. 1860ರ ದಶಕದಲ್ಲಿ ಡಬ್ಲಿನ್ನಿಗೆ ಬಂದು ಪ್ಯೂ ಎಂಬ ಗಾಜಿನ ಕಾರ್ಖಾನೆಗೆ ಕೆಲಸ ಮಾಡಿದ. 1932ರಲ್ಲಿ ತೀರಿಕೊಂಡ. ಹದಿನೆಂಟನೇ ಶತಮಾನದವು ಎಂದು ಸಂಗ್ರಹಗಳಲ್ಲಿ, ಮ್ಯೂಸಿಯಮ್ಮುಗಳಲ್ಲಿ ಗೌರವದಿಂದ ಇಟ್ಟಿದ್ದ ಅನೇಕ ಗ್ಲಾಸುಗಳ ಕೆತ್ತನೆ ಈತನದು ಎಂದು ಪೀಟರ್ ಫ್ರಾನ್ಸಿಸ್ ಎಂಬ ಸಂಶೋಧಕರು 1994ರಲ್ಲಿ ತೋರಿಸಿಕೊಟ್ಟರು. ಅವುಗಳಲ್ಲಿ ಜಾಕೊಬೈಟ್ ಗುಲಾಬಿಗಳಿದ್ದವು. ಅವರ ವೈರಿ ವಿಲಿಯಮ್ ಕುದುರೆಯೇರಿದ ಚಿತ್ರವೂ, ಬಾಯ್ನ್ ಕದನದ ತಾರೀಖೂ ಇರುವ ಗ್ಲಾಸುಗಳಿದ್ದವು. ಐರ್ಲೆಂಡಿನ ಸ್ವಾಭಿಮಾನಕ್ಕಾಗಿ 1778ರಿಂದ ಕವಾಯತು ಮಾಡಿದ ಸ್ವಯಂಸೇವಕ ದಳಗಳ ಗ್ಲಾಸುಗಳೂ ಇದ್ದವು. ಒಂದೇ ಚಕ್ರ, ಒಂದೇ ಕೈ, ಮೂರು ಬಣಗಳ ಪರಂಪರೆ.

ಈ ಗ್ಲಾಸುಗಳನ್ನು ಕೆತ್ತಿದ ಕಾಲ ಎಂಥದು ನೋಡಿ. ಐರ್ಲೆಂಡಿಗೆ ಸ್ವಂತ ಆಡಳಿತ ಕೊಡುವ ಮಸೂದೆ 1886ರಲ್ಲಿ ಒಮ್ಮೆ, 1893ರಲ್ಲಿ ಮತ್ತೊಮ್ಮೆ ಬಿತ್ತು. ಕ್ಯಾಥೊಲಿಕರು, ಪ್ರೊಟೆಸ್ಟೆಂಟರು ತಮ್ಮ ತಮ್ಮ ಅಜ್ಜಂದಿರ ಗೆಲುವು ಸೋಲುಗಳನ್ನು ಮತ್ತೆ ಎಣಿಸುತ್ತಿದ್ದರು. ಆ ಹೊತ್ತಿನಲ್ಲಿ ಕಪಾಟಿನಲ್ಲೊಂದು ಗ್ಲಾಸಿದ್ದರೆ ಇನ್ನೂರು ವರ್ಷದ ಜಗಳಕ್ಕೆ ಕಣ್ಣೆದುರಿನ ಪುರಾವೆ. ವಿಲಿಯಮ್ ಗ್ಲಾಸುಗಳ ಕುದುರೆ ಸವಾರನಿಗೆ ಮಾದರಿ ಡಬ್ಲಿನ್ನಿನ ಕಾಲೇಜ್ ಗ್ರೀನ್‌ನಲ್ಲಿ 1701ರಿಂದ ನಿಂತಿದ್ದ ಪ್ರತಿಮೆ. 1928ರಲ್ಲಿ ಬಾಂಬಿಟ್ಟು ಅದನ್ನು ಕೆಡಿಸಿದರು, ಮರುವರ್ಷ ಅಲ್ಲಿಂದ ತೆಗೆದೇಬಿಟ್ಟರು. ಸುಳ್ಳು ಪುರಾವೆ ಇಟ್ಟುಕೊಂಡು ನಿಜವಾದ ರಕ್ತ ಹರಿಸುವುದು ನಮಗೆ ಹೊಸದಾಗಿ ಹೇಳಬೇಕಾದ ಸಂಗತಿಯಲ್ಲ. ಟೀಟ್ಸೆಯನ್ನು ಬೈಯಲು ನಮಗೆ ಮನಸ್ಸು ಬರುವುದಿಲ್ಲ. ಪರದೇಶದಿಂದ ಬಂದ ಕೆಲಸಗಾರ, ಕೇಳಿದ್ದನ್ನು ಕೆತ್ತಿದ. ಅದನ್ನು ಹಳೆಯದೆಂದು ಮಾರಿದವರ ಲಾಭ ಅವನ ಕೂಲಿಗಿಂತ ದೊಡ್ಡದಿರಲೇಬೇಕು.

ಇಂಥದನ್ನು ಪತ್ತೆ ಹಚ್ಚುವುದು ಕಠಿಣ. ಏಕೆಂದರೆ ಗಾಜು ಸುಳ್ಳಾಗಿರಬೇಕೆಂದಿಲ್ಲ. ಹದಿನೆಂಟನೇ ಶತಮಾನದ ಬೋಳು ಗ್ಲಾಸನ್ನು ತಂದು ಅದರ ಮೇಲೆ ಆಮೇಲೆ ಕೆತ್ತಿದರೆ, ಗಾಜಿನ ನಸು ಬೂದು ಬಣ್ಣ, ತಟ್ಟಿದರೆ ಬರುವ ನಾದ, ಪಾದದಡಿ ಕಬ್ಬಿಣದ ಸಲಾಕೆ ಮುರಿದ ಒರಟು ಗುರುತು, ನೂರಾರು ವರ್ಷ ಮೇಜಿನ ಮೇಲೆ ಉಜ್ಜಿದ ಸವೆತ, ಎಲ್ಲವೂ ನಿಜವೇ. ಸುಳ್ಳು ಇರುವುದು ದಳದ ಗೆರೆಯಲ್ಲಿ ಮಾತ್ರ. ಹೊಸ ಕೆತ್ತನೆ ಕೆಲವೊಮ್ಮೆ ಹೆಚ್ಚು ಬೆಳ್ಳಗೆ, ಪುಡಿಪುಡಿಯಾಗಿ ಕಾಣುತ್ತದೆ. ಹಳೆಯದರ ಅಂಚು ತೊಳೆದು ಒರೆಸಿ ಮೆತ್ತಗಾಗಿರುತ್ತದೆ. ಇದೂ ಖಚಿತವಲ್ಲ. ಸೆಡನ್ ಹಿಡಿದ ದಾರಿ ಬೇರೆ. ಹೂವಿನ ಅರ್ಥ ಕೇಳುವುದನ್ನು ಬದಿಗಿಟ್ಟು, ನೂರಾರು ಗ್ಲಾಸುಗಳ ದಳ, ಮುಳ್ಳು, ಎಲೆಯ ನರಗಳನ್ನು ಒಂದಕ್ಕೊಂದು ಹೋಲಿಸಿ, ಐವರು ಪ್ರಮುಖ ಕೆತ್ತನೆಗಾರರ ಕೈ ಗುರುತಿಸಿದರು. ಆ ಐವರ ಹೆಸರು ಯಾವ ದಾಖಲೆಯಲ್ಲೂ ಇಲ್ಲ. ಅವರು ಗುಲಾಬಿಯನ್ನು ನಂಬಿ ಕೆತ್ತಿದರೋ ಕೂಲಿಗೆ ಕೆತ್ತಿದರೋ ಎಂದು ಗಾಜು ಹೇಳುವುದಿಲ್ಲ.

ಇವೆಲ್ಲದರ ಪಕ್ಕದಲ್ಲಿ ಅದೇ ವಯಸ್ಸಿನ ಬೋಳು ಗ್ಲಾಸು ಇಂದಿಗೂ ಹಳೆಯ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ. ಯಾವುದೋ ಹೋಟೆಲಿನಲ್ಲಿ, ಯಾರದೋ ಮದುವೆಯಲ್ಲಿ, ಯಾವ ದೊರೆಯ ಹೆಸರನ್ನೂ ಎತ್ತದೆ ಕುಡಿದು ತೊಳೆದಿಟ್ಟದ್ದು. ಮೋಸಗಾರನ ಚಕ್ರಕ್ಕೆ ಸಿಗುವ ಕಚ್ಚಾ ಮಾಲೂ ಅದೇ.